ಫೋನಿಗೂ ಡೈರಿಗೂ ಲಗ್ನ

ಫೋನಿನಲ್ಲಿ ಮಾತಾಡುತ್ತಿರುವಾಗ ಆ ಕಡೆಯವರು "ಸ್ವಲ್ಪ ನಂಬರ್ ಬರ್ಕೊಳ್ಳಿ" ಎಂದರೆ ಹಿಂದೆಲ್ಲ ದೊಡ್ಡ ತೊಂದರೆ ಏನೂ ಇರಲಿಲ್ಲ. ರಿಸೀವರು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಪೆನ್ನು ಸಿಗುತ್ತಿರಲಿಲ್ಲ, ಸಿಕ್ಕ ಪೆನ್ನು ಬರೆಯುತ್ತಿರಲಿಲ್ಲ. ಕೊನೆಗೆ ಮಗುವಿನ ಬಳಪವನ್ನೋ ಕಣ್ಣುಕಪ್ಪಿನ ಕಡ್ಡಿಯನ್ನೋ ಹಿಡಿದಾದರೂ ಕ್ಯಾಲೆಂಡರಿನ ಅಂಚಿಗೆ ನಂಬರು ಬಿದ್ದೇ ಬೀಳುತ್ತಿತ್ತು. ಫೋನು ಬೇರೆ, ಬರೆಯುವ ಜಾಗ ಬೇರೆ. ಇವೆರಡನ್ನೂ ಒಂದೇ ಡಬ್ಬಿಯೊಳಗೆ ಕೂಡಿಸಿದರೆ ಲೋಕಕ್ಕೆ ಒಳ್ಳೆಯದಾಗುತ್ತದೆ ಎಂದು ಯಾರಿಗೋ ಹೊಳೆಯಿತಲ್ಲ, ಪಂಚಾಯಿತಿ ಶುರುವಾದದ್ದು ಆವತ್ತು. ಡೈರಿಯೇ ಕಿವಿಗೆ ಅಂಟಿಕೊಂಡಿರುವಾಗ ಬರೆದುಕೊಳ್ಳುವುದು ಎಲ್ಲಿ?

ಈ ಸಂಬಂಧ ಕೂಡಿಸಲು ಮೊದಲು ಹೊರಟವರು ಐಬಿಎಂನವರು. 1992ರಲ್ಲಿ ಲಾಸ್ ವೇಗಸ್ಸಿನ ಕಂಪ್ಯೂಟರ್ ಮೇಳದಲ್ಲಿ ಜೋಡಿಯನ್ನು ನಾಲ್ಕು ಜನಕ್ಕೆ ತೋರಿಸಿದರು. 1994ರಲ್ಲಿ ಸೈಮನ್ ಎಂದು ಹೆಸರಿಟ್ಟು, ಅಮೆರಿಕದ ಬೆಲ್‌ಸೌತ್ ಕಂಪನಿಯ ಮೂಲಕ ಮಾರಾಟಕ್ಕೂ ಬಿಟ್ಟರು. ಮುಟ್ಟಿದರೆ ಕೆಲಸ ಮಾಡುವ ಪರದೆ, ದಿನಚರಿ, ವಿಳಾಸ ಪುಸ್ತಕ, ಈಮೇಲು, ಫ್ಯಾಕ್ಸು ಎಲ್ಲ ಇತ್ತು. ತೂಕ ಅರ್ಧ ಕಿಲೋ. ಬೆಲೆ, ಫೋನ್ ಕಂಪನಿಯ ಕರಾರಿಗೆ ಸಹಿ ಹಾಕಿದವರಿಗೆ, 899 ಡಾಲರು. ಬ್ಯಾಟರಿ ಮಾತ್ರ ಸುಮಾರು ಒಂದು ಗಂಟೆಯ ಮಾತಿಗೇ ಸುಸ್ತು. ನಮ್ಮ ಮನೆಯಲ್ಲಾದರೆ ಅಷ್ಟು ಹೊತ್ತಿಗೆ ಕುಶಲೋಪರಿಯೇ ಮುಗಿದಿರುವುದಿಲ್ಲ. ಸುಮಾರು 50,000 ಖರ್ಚಾದವು. ಆರು ತಿಂಗಳಿಗೆಲ್ಲ ಅಂಗಡಿಯಿಂದ ಮಾಯವಾಯಿತು.

ಫಿನ್ಲೆಂಡಿನ ನೋಕಿಯಾ 1996ರಲ್ಲಿ ಕಮ್ಯುನಿಕೇಟರ್ ತಂದಾಗ ಜಾಣತನ ಮಾಡಿತು. ಗಂಡ ಹೆಂಡಿರನ್ನು ಒಂದೇ ಮನೆಯಲ್ಲಿಟ್ಟು ಬಾಗಿಲು ಬೇರೆ ಬೇರೆ ಮಾಡಿಕೊಟ್ಟಿತು. ಮುಚ್ಚಿದರೆ ಹೊರಗೆ ಫೋನು. ಉದ್ದಕ್ಕೆ ಬಿಚ್ಚಿದರೆ ಒಳಗೆ ಅಗಲ ಪರದೆ, ಪುಟ್ಟ ಕೀಲಿಮಣೆ. ಬಿಚ್ಚಿಟ್ಟುಕೊಂಡು ಸ್ಪೀಕರಿನಲ್ಲಿ ಮಾತಾಡುತ್ತಲೇ ಬರೆದುಕೊಳ್ಳಲೂಬಹುದಿತ್ತು. ನಿಮ್ಮ ವ್ಯವಹಾರ ಪಕ್ಕದ ಮೇಜಿನವರಿಗೂ ತಿಳಿಯುತ್ತಿತ್ತು, ಅಷ್ಟೆ. ತೂಕ 397 ಗ್ರಾಂ. ಷರ್ಟಿನ ಜೇಬಿಗೆ ಹಾಕಿಕೊಂಡರೆ ಮನುಷ್ಯ ಎಡಕ್ಕೆ ವಾಲಿಕೊಂಡೇ ನಡೆಯಬೇಕು.

ಜೇಬಿನ ಮಾತು ಬಂದಮೇಲೆ ಜೆಫ್ ಹಾಕಿನ್ಸ್ ಅವರಿಗೊಂದು ನಮಸ್ಕಾರ ಹಾಕದೆ ಮುಂದೆ ಹೋಗುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಈ ಎಂಜಿನಿಯರು ಪೈಲಟ್ ಎಂಬ ಅಂಗೈ ಡೈರಿಯನ್ನು ಮಾಡುವ ಮುಂಚೆ, ತಮ್ಮ ಷರ್ಟಿನ ಜೇಬಿನಲ್ಲಿ ಕೂರುವಂಥ ಒಂದು ಮರದ ತುಂಡು ಕೆತ್ತಿಕೊಂಡರು. ಚೀನೀಯರು ಊಟಕ್ಕೆ ಬಳಸುವ ಕಡ್ಡಿಯೊಂದನ್ನು ಸವರಿ ಲೇಖನಿ ಮಾಡಿಕೊಂಡರು. ಆಮೇಲೆ ಅದನ್ನೇ ಹೊತ್ತು ತಿರುಗಿದರು. ಯಾರಾದರೂ ಒಂದು ದಿನ ಬಿಡುವಿದೆಯಾ ಎಂದು ಕೇಳಿದರೆ ಜೇಬಿನಿಂದ ಮರದ ತುಂಡು ತೆಗೆಯುವುದು, ಕಡ್ಡಿಯಲ್ಲಿ ತಟ್ಟುವುದು, ಗಂಭೀರವಾಗಿ ನೋಡುವುದು, ಉತ್ತರ ಹೇಳುವುದು. ಎಷ್ಟು ಸಲ ತೆಗೆಯಬೇಕಾಗುತ್ತದೆ, ಕೈಗೆ ಹೇಗಿರುತ್ತದೆ ಎಂಬುದನ್ನು ಹೀಗೆ ತಿಳಿದುಕೊಂಡರು. ಇದನ್ನೇ ನಮ್ಮ ಬೀದಿಯಲ್ಲಿ ಯಾರಾದರೂ ಮಾಡಿದ್ದರೆ ಮನೆಯವರು ತೋಳಿಗೆ ಯಂತ್ರ ಕಟ್ಟಿಸುತ್ತಿದ್ದರು. ಹಾಕಿನ್ಸ್ ತಾವೇ ಯಂತ್ರ ಕಟ್ಟಿದರು.

ಆ ಮರದ ತುಂಡು ಈಗ ಮೌಂಟನ್ ವ್ಯೂ ಊರಿನ ಕಂಪ್ಯೂಟರ್ ಇತಿಹಾಸದ ಮ್ಯೂಸಿಯಮ್ಮಿನಲ್ಲಿದೆ. ನನ್ನನ್ನು ಕೇಳಿದರೆ ಆ ವಂಶದಲ್ಲೇ ಶ್ರೇಷ್ಠ ಮಾಡೆಲ್ ಅದು. ಚಾರ್ಜು ಬೇಡ, ಬಿದ್ದರೆ ಒಡೆಯುವುದಿಲ್ಲ, ಯಾರೂ ಅದಕ್ಕೆ ಫೋನು ಮಾಡಿ ಸಾಲ ಬೇಕೇ ಎಂದು ಕೇಳುವುದಿಲ್ಲ.

1996ರಲ್ಲಿ ಬಂದ ನಿಜವಾದ ಪೈಲಟ್ಟೂ ಸಾಧುವೇ. ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್ಲು ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಅದಕ್ಕೆ ಮೂರು ವರ್ಷ ಮುಂಚೆ ಆಪಲ್ ಕಂಪನಿಯ ನ್ಯೂಟನ್, ಮನುಷ್ಯರ ಕೈಬರಹ ಓದುತ್ತೇನೆಂದು ಎದೆತಟ್ಟಿಕೊಂಡು ಬಂದು, ಒಂದು ಬರೆದರೆ ಇನ್ನೊಂದು ಓದಿ, ಪತ್ರಿಕೆಗಳ ವ್ಯಂಗ್ಯಚಿತ್ರದಲ್ಲಿ ನಗೆಪಾಟಲಾಗಿತ್ತು. ಹಾಕಿನ್ಸ್ ಲೆಕ್ಕವನ್ನೇ ತಿರುಗಿಸಿದರು: ಯಂತ್ರ ಯಾಕೆ ಮನುಷ್ಯನ ಅಕ್ಷರ ಕಲಿಯಬೇಕು, ಮನುಷ್ಯನೇ ಯಂತ್ರದ ಅಕ್ಷರ ಕಲಿಯಲಿ. ಗ್ರಫೀಟಿ ಎಂಬ ಆ ಲಿಪಿಯಲ್ಲಿ ಹೆಚ್ಚುಕಡಿಮೆ ಎಲ್ಲ ಅಕ್ಷರಕ್ಕೂ ಕೈ ಎತ್ತದೆ ಎಳೆಯುವ ಒಂದೇ ಗೆರೆ. ಎ ಅಕ್ಷರಕ್ಕೆ ನಡುವಿನ ಅಡ್ಡಪಟ್ಟಿ ಇಲ್ಲ. ಎಫ್‌ಗೆ ಎರಡು ಕೈಯಲ್ಲಿ ಒಂದಿಲ್ಲ. ಕಂಪನಿಗಳನ್ನು ನಡೆಸುವ ನಡುವಯಸ್ಸಿನ ಜನ, ಅಕ್ಕಿ ಹರಡಿದ ತಟ್ಟೆಯಿಲ್ಲದೆ, ಸರಸ್ವತಿ ಪೂಜೆಯಿಲ್ಲದೆ, ವಿಮಾನದಲ್ಲಿ ಕೂತು ಮತ್ತೊಮ್ಮೆ ಅಕ್ಷರಾಭ್ಯಾಸ ಮಾಡಿದರು. ಅಮೆರಿಕದ ಸನಿವೇಲ್‌ನಲ್ಲಿ ಕೆಲಸ ಮಾಡುವ ನಮ್ಮ ಭಾವ ಅವರಲ್ಲೊಬ್ಬರು. ಅವರ ಸಹಿಯಲ್ಲಿ ಇವತ್ತಿಗೂ ಎ ಅಕ್ಷರ ಸೊಂಟದ ಪಟ್ಟಿ ಇಲ್ಲದೆ ನಿಂತಿರುತ್ತದೆ.

1998ರಲ್ಲಿ ಹಾಕಿನ್ಸ್, ಡಾನಾ ಡುಬಿನ್ಸ್ಕಿ ಮೊದಲಾದವರು ಪೈಲಟ್ ಮಾಡಿದ ಪಾಮ್ ಕಂಪನಿ ಬಿಟ್ಟು ಹ್ಯಾಂಡ್‌ಸ್ಪ್ರಿಂಗ್ ಎಂಬ ಹೊಸ ಸಂಸಾರ ಹೂಡಿದರು. ಅವರ ವೈಸರ್ ಎಂಬ ಡೈರಿಗೆ ಬೆನ್ನಿನಲ್ಲೊಂದು ಗೂಡಿತ್ತು. ಆ ಗೂಡಿಗೆ ಸಿಕ್ಕಿಸುವ ವೈಸರ್‌ಫೋನ್ 2000ದ ಕೊನೆಗೆ ಬಂತು. ಪಕ್ಕಾ ಮನೆಯಳಿಯ. ಮಾವನ ಮನೆಯ ಪರದೆ, ಮಾವನ ಮನೆಯ ವಿಳಾಸ ಪುಸ್ತಕ; ಬ್ಯಾಟರಿಯೊಂದನ್ನು ಮಾತ್ರ ಮರ್ಯಾದೆಗೆ ತಾನೇ ತಂದುಕೊಂಡಿದ್ದ. ಕೆನಡಾದ ಬ್ಲ್ಯಾಕ್‌ಬೆರಿಯವರದು ಇನ್ನೊಂದು ಬಗೆ. 2002ರ ಅವರ 5810 ಎಂಬ ಮಾಡೆಲಿನಲ್ಲಿ ಫೋನಿತ್ತು, ಆದರೆ ಅದನ್ನು ಕಿವಿಗೆ ಹಿಡಿದು ಮಾತಾಡುವಂತಿರಲಿಲ್ಲ. ಹೊರಗಿನಿಂದ ಇಯರ್‌ಫೋನ್ ಚುಚ್ಚಲೇಬೇಕು. ಒಂದೇ ಮನೆಯಲ್ಲಿದ್ದೂ ಮಧ್ಯಸ್ಥರಿಲ್ಲದೆ ಮಾತಿಲ್ಲದ ದಂಪತಿಗಳನ್ನು ನೀವೂ ಕಂಡಿರುತ್ತೀರಿ.

ಕೂಡಿ ಬಾಳಿದ ಜೋಡಿ ಎಂದರೆ ಹ್ಯಾಂಡ್‌ಸ್ಪ್ರಿಂಗಿನವರೇ 2002ರಲ್ಲಿ ತಂದ ಟ್ರಿಯೊ 180. ಕಪ್ಪುಬಿಳುಪಿನ ಚೌಕ ಪರದೆ, ಮೇಲೊಂದು ಮುಚ್ಚಳ, ತಲೆಯ ಮೇಲೆ ಮೊಂಡು ಆಂಟೆನಾ. ಮುಚ್ಚಳ ತೆರೆದರೆ ಮಾತು, ಮುಚ್ಚಿದರೆ ಮಾತು ಕಡಿತ. ಹೆಸರಿನ ಎರಡು ಅಕ್ಷರ ಒತ್ತಿದರೆ ಆಸಾಮಿ ಎದುರಿಗೆ ಬರುತ್ತಿದ್ದ, ಅಲ್ಲಿಂದಲೇ ಕರೆ. ಇದು ಆಗ ಸಣ್ಣ ವಿಷಯವಲ್ಲ. ಬೇರೆ ಫೋನುಗಳಲ್ಲಿ ಒಂದು ಹೆಸರು ತುಂಬಿಸಲು ಏಳನೇ ಗುಂಡಿಯನ್ನು ನಾಲ್ಕು ಸಲ ಅದುಮಿ ಒಂದು ಎಸ್ ಗಳಿಸಬೇಕಿತ್ತು. ಗ್ರಫೀಟಿಯದೊಂದು, ಬೆರಳುಗುರಿನಷ್ಟು ಗುಂಡಿಗಳ ಕೀಲಿಮಣೆಯದೊಂದು, ಹೀಗೆ ಎರಡು ಥರ ಮಾರಿದರು. ಜನ ಕೀಲಿಮಣೆಯನ್ನೇ ಎತ್ತಿಕೊಂಡರು. ಮುಂದಿನ ಟ್ರಿಯೊಗಳಲ್ಲೆಲ್ಲ ಅದೇ ಉಳಿಯಿತು. ಕಷ್ಟಪಟ್ಟು ಕಲಿತ ಲಿಪಿ ಹೀಗೆ ನಿರುಪಯೋಗಿಯಾದದ್ದಕ್ಕೆ ಭಾವನಿಗೆ ಇನ್ನೂ ಸಂಕಟವಿದೆ.

ಆ ವರ್ಷ ನನ್ನ ತಂಗಿಯ ಮದುವೆಗೆ ಅಕ್ಕ ಭಾವ ಬಂದಾಗ ಟ್ರಿಯೊ ಕೂಡ ಬಂತು. ಇಲ್ಲಿನ ಪ್ರೀಪೇಯ್ಡ್ ಸಿಮ್ ಹಾಕಿಕೊಂಡರು. ಕರೆ ಬಂದರೂ ನಾವೇ ದುಡ್ಡು ತೆರಬೇಕಾಗಿದ್ದ ಕಾಲ. ಒಳಬರುವ ಕರೆ ಪುಕ್ಕಟೆಯಾದದ್ದು 2003ರ ಮೇ ತಿಂಗಳಿಂದ. ಹಾಗಾಗಿ ಆ ಜೋಡಿಯಲ್ಲಿ ಫೋನಿನ ಕಡೆಯವರಿಗೆ ಕೆಲಸ ಕಡಿಮೆ, ಡೈರಿ ಕಡೆಯವರಿಗೆ ಬಿಡುವಿಲ್ಲದ ದುಡಿಮೆ. ಭಾವ ಮದುವೆಯ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿಸಿದರು. ಕನ್ನಡ ಅದಕ್ಕೆ ಬಾರದು. ಹೆಸರುಬೇಳೆಯೂ ಚಿರೋಟಿ ರವೆಯೂ ಇಂಗ್ಲಿಷ್ ಅಕ್ಷರ ತೊಟ್ಟುಕೊಂಡೇ ಒಳಗೆ ಹೋದವು.

ಅಡುಗೆ ಭಟ್ಟರ ಫೋನು ಬಂತು. ಹಾಲು ಮೊಸರಿನವನ ನಂಬರು ಬರೆದುಕೊಳ್ಳಬೇಕಂತೆ. ಭಾವ "ಹೇಳಿ" ಎಂದು ಯಂತ್ರವನ್ನು ಕಿವಿಯಿಂದ ಕಣ್ಣಿನ ಮುಂದಕ್ಕೆ ತಂದರು. ಕಣ್ಣಿನ ಮುಂದೆ ಬಂದದ್ದರಿಂದ ಭಟ್ಟರು ಕೇಳಿಸಲಿಲ್ಲ. ಕಿವಿಗೆ ಒಯ್ದರು, ಎರಡು ಅಂಕಿ ಕೇಳಿದವು. ಕಣ್ಣಿಗೆ ತಂದರು, ಎರಡು ಅಂಕಿ ಬರೆದರು. ಅಷ್ಟರಲ್ಲಿ ಭಟ್ಟರು ನಂಬರು ಮುಗಿಸಿ ಮೆಣಸಿನಕಾಯಿಯ ವಿಷಯಕ್ಕೆ ಹೋಗಿದ್ದರು. ಇಯರ್‌ಫೋನ್ ಇತ್ತು, ಸನಿವೇಲ್‌ನಲ್ಲಿ, ಮೇಜಿನ ಡ್ರಾಯರಿನಲ್ಲಿ. ನಿಮಿಷಕ್ಕಿಷ್ಟು ಎಂದು ದುಡ್ಡು ಓಡುತ್ತಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ನೀವು ಕಿವೀಲೇ ಇಟ್ಕೊಂಡು ಜೋರಾಗಿ ಹೇಳ್ತಾ ಹೋಗಿ, ನಾನು ಬರ್ಕೋತೀನಿ" ಎಂದಳು. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಗ್ಯಾಸ್ ಬಂದ ದಿನದ ಗುರುತಿನ ಪಕ್ಕ, ನಂಬರು ಕೂತಿತು.

ಭಾವ ಸೋಲೊಪ್ಪುವ ಜನವಲ್ಲ. ಆ ಕ್ಯಾಲೆಂಡರನ್ನೇ ಯಂತ್ರದೊಳಗೆ ಇಳಿಸಿಬಿಡುತ್ತೇನೆ ಎಂದರು. ಸಂಕಷ್ಟ ಚತುರ್ಥಿಯಿಂದ ಶುರು. ಪ್ರತಿ ದಿನ, ಪ್ರತಿ ವಾರ, ಪ್ರತಿ ತಿಂಗಳು, ಪ್ರತಿ ವರ್ಷ, ಇವಿಷ್ಟರಲ್ಲಿ ಯಾವ ರೀತಿ ಮರುಕಳಿಸಬೇಕು ಎಂದು ಯಂತ್ರ ಕೇಳಿತು. ಪ್ರತಿ ತಿಂಗಳು ಎಂದರು ಭಾವ. ಇದೇ ತಾರೀಖಿಗೋ, ಇದೇ ವಾರಕ್ಕೋ ಎಂದಿತು. ಎರಡೂ ಅಲ್ಲ. ಚಂದ್ರ ತನ್ನ ಪಾಡಿಗೆ ಬರುವವನು, ಹ್ಯಾಂಡ್‌ಸ್ಪ್ರಿಂಗಿನವರನ್ನು ಕೇಳಿಕೊಂಡು ಬರುವುದಿಲ್ಲ.

"ಒಂದೊಂದೇ ತಿಂಗಳು ಕೈಯಲ್ಲೇ ಹಾಕಬೇಕು ಅತ್ತೆ" ಎಂದರು.

"ಅಧಿಕ ಮಾಸ ಬಂದ್ರೆ ಏನು ಮಾಡುತ್ತೆ ಅದು?" ಎಂದು ಅಮ್ಮ ಕೇಳಿದಳು. ವ್ಯಂಗ್ಯವೇನಿಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆ.

ಮದುವೆಯ ದಿನ ಸೋಮವಾರ. ಬಸವನಗುಡಿಯ ಛತ್ರದಲ್ಲಿ ಹತ್ತು ಗಂಟೆಯ ಮೇಲೆ ಮುಹೂರ್ತ. ಭಾವ ರೇಷ್ಮೆ ಪಂಚೆ ಉಟ್ಟು ಶಲ್ಯ ಹೊದ್ದಿದ್ದರು. ಷರ್ಟಿನ ಜೇಬಿಗಾಗಿ ಮರ ಕೆತ್ತಿದ ಹಾಕಿನ್ಸ್ ಅವರಿಗೆ, ಷರ್ಟೂ ಇಲ್ಲದ ಜೇಬೂ ಇಲ್ಲದ ಘಳಿಗೆಯೊಂದು ಮನುಷ್ಯನ ಬಾಳಿನಲ್ಲಿ ಬರುತ್ತದೆಂಬುದು ಹೊಳೆದಿರಲಿಕ್ಕಿಲ್ಲ. ಟ್ರಿಯೊ ಪಂಚೆಯ ಸೊಂಟದ ಮಡಿಕೆಯೊಳಗಿತ್ತು.

ಭಾವ ಇಳಿದ ಕೂಡಲೇ ಗಡಿಯಾರವನ್ನು ಭಾರತದ ಸಮಯಕ್ಕೆ ತಿರುಗಿಸಿದ್ದರು. ಡೈರಿಯೊಳಗಿನ ಕೆಲಸಗಳಿಗೆ ಆ ಕಾಲದಲ್ಲಿ ದೇಶಕಾಲದ ಪರಿಜ್ಞಾನ ಇರಲಿಲ್ಲ. ಹತ್ತು ಗಂಟೆ ಎಂದರೆ ಹತ್ತು ಗಂಟೆ, ಸನಿವೇಲ್ ಆದರೇನು, ಬಸವನಗುಡಿ ಆದರೇನು. ಹೀಗಾಗಿ ಅವರ ಆಫೀಸಿನ ಸೋಮವಾರದ ಮೀಟಿಂಗು ಹನ್ನೆರಡು ಗಂಟೆಗೂ ಹೆಚ್ಚು ಮುಂಚೆಯೇ ಅವರ ಸೊಂಟದಲ್ಲಿ ಕಾದು ಕೂತಿತ್ತು. ಪುರೋಹಿತರು ಕೈಗಡಿಯಾರ ನೋಡುತ್ತ, ವಾಲಗದವರಿಗೆ ಬೆರಳೆತ್ತಿ "ನಾನು ಹೇಳೋವರೆಗೂ ಇರಿ" ಎಂದು ಸುಮ್ಮನಾಗಿಸಿದ್ದರು. ಛತ್ರವೆಲ್ಲ ಉಸಿರು ಹಿಡಿದಿತ್ತು. ಆಗ ಭಾವನ ಹೊಟ್ಟೆಯಿಂದ ಕಿರುಗುಟ್ಟುವ ಸದ್ದು ಹೊರಟಿತು. ಹೊಸ ಸಂಜ್ಞೆ ಇರಬೇಕೆಂದು ಡೋಲಿನವನು ತಿಳಿದ. ಗಟ್ಟಿಮೇಳ ಮೊಳಗಿತು, ಹಿಂದಿನ ಸಾಲಿನವರು ಅಕ್ಷತೆ ಎಸೆದೂಬಿಟ್ಟರು. ಟ್ರಿಯೊದ ನೆತ್ತಿಯ ಮೇಲೆ ಬಾಯಿ ಮುಚ್ಚಿಸುವ ಸ್ವಿಚ್ಚೊಂದಿತ್ತು. ಒಂದು ಬೆರಳು ಸಾಕು, ಪರದೆ ನೋಡಬೇಕಾದ್ದೇ ಇಲ್ಲ. ನನಗೆ ಅದರಲ್ಲಿ ಬಹಳ ಮೆಚ್ಚುಗೆಯಾದದ್ದೇ ಆ ಸ್ವಿಚ್ಚು. ಆದರೆ ನಾನೂರು ಜನರ ಎದುರಿಗೆ ಪಂಚೆಯೊಳಗೆ ಕೈ ಹಾಕುವುದು ಹೇಗೆ? ಯಂತ್ರದ ತಪ್ಪೇನಿಲ್ಲ, ಹೇಳಿದ ಹೊತ್ತಿಗೆ ಹೇಳಿದ್ದನ್ನು ಮಾಡಿತು. ಪುರೋಹಿತರು ಎರಡೂ ಕೈ ಆಡಿಸಿ ನಿಲ್ಲಿಸಿದರು. ಐದು ನಿಮಿಷದ ನಂತರ, ಈ ಸಲ ಲೆಕ್ಕಕ್ಕೆ ಸೇರುವ ಹಾಗೆ, ಇನ್ನೊಮ್ಮೆ ಗಟ್ಟಿಮೇಳ. ತಂಗಿಯ ಅತ್ತೆ ಮನೆಯವರು ಇದನ್ನು ನಮ್ಮ ಕಡೆಯ ಸಂಪ್ರದಾಯವೆಂದೇ ನಂಬಿದ್ದಾರೆ.

ಊಟದ ಪಂಕ್ತಿಯಲ್ಲಿ ವರನ ಕಡೆಯ ಹುಡುಗನೊಬ್ಬನ ಬಳಿ ಪಾಮ್ ಕಂಡಿತು. ಭಾವನ ಮುಖ ಅರಳಿತು. ಈ ಯಂತ್ರಗಳ ತಲೆಯಲ್ಲಿ ಕಣ್ಣಿಗೆ ಕಾಣದ ಬೆಳಕಿನ ಕಿಂಡಿ ಇರುತ್ತಿತ್ತು; ಎರಡನ್ನು ಎದುರುಬದುರು ಹಿಡಿದರೆ ವಿಳಾಸ ಇದರಿಂದ ಅದಕ್ಕೆ ಹಾರುತ್ತಿತ್ತು. ಬಲಗೈ ಎಂಜಲಾದ ಇಬ್ಬರು ಎಡಗೈಯಲ್ಲಿ ಯಂತ್ರ ಹಿಡಿದು, ಎಲೆಯ ಮೇಲಿಂದ ಬಾಗಿ ಮೂತಿಗೆ ಮೂತಿ ಜೋಡಿಸಿದರು. ಬಡಿಸುವವರು ಹೋಳಿಗೆ ಹಿಡಿದು ಕಾದರು.

ಅದೇ ದಿನಗಳಲ್ಲಿ ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ಮಂದಿ ಮೇಷ್ಟ್ರುಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಕಟ್ಟುತ್ತಿದ್ದರು. ಭಾರತದ ಭಾಷೆಗಳು ಬರುತ್ತಿದ್ದವು. ಓದಲು ಬಾರದವರಿಗೆ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಇದ್ದರೆ ಊರಿಗೆಲ್ಲ ಒಂದೇ ಯಂತ್ರ ಸಾಕು ಎಂಬುದು ಅವರ ಎಣಿಕೆ. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅಂಗಡಿಗೂ ಬಂತು. ಮಾರಾಟ ಕೆಲವು ಸಾವಿರದಲ್ಲೇ ನಿಂತಿತು. ಗುಣವಂತ, ಪರೋಪಕಾರಿ, ಆದರೆ ಬ್ರಹ್ಮಚಾರಿ. ಫೋನಿನ ಜೊತೆ ಲಗ್ನವಾಗಿರಲಿಲ್ಲ, ಲೋಕಕ್ಕೆ ಅಷ್ಟು ಹೊತ್ತಿಗೆ ಸಂಸಾರಸ್ಥರೇ ಬೇಕಾಗಿದ್ದರು.

ಸಂಸಾರಸ್ಥರಾದರೂ ಎಲ್ಲಿ ಉದ್ಧಾರವಾದರು? ಹ್ಯಾಂಡ್‌ಸ್ಪ್ರಿಂಗನ್ನು 2003ರಲ್ಲಿ ಹಳೆಯ ಮನೆಯಾದ ಪಾಮ್ ಕೊಂಡಿತು. 2007ರಲ್ಲಿ ಐಫೋನ್ ಬಂದಮೇಲೆ ಇವರನ್ನು ಕೇಳುವವರು ಕಡಿಮೆಯಾದರು. ಪಾಮನ್ನು 2010ರಲ್ಲಿ ಎಚ್‌ಪಿ ಕೊಂಡಿತು, ಮರುವರ್ಷವೇ ಕೈಚೆಲ್ಲಿತು. ಆ ಮನೆತನ ಕೊನೆಗೆ ಹೆತ್ತ ವೆಬ್‌ಓಎಸ್ ಎಂಬ ಕೂಸನ್ನು 2013ರಲ್ಲಿ ಎಲ್‌ಜಿಯವರು ಸಾಕಿಕೊಂಡರು. ಅದು ಈಗ ಅವರ ಟೀವಿಗಳನ್ನು ನಡೆಸುತ್ತಿದೆ.

ನಿಮ್ಮ ಅಟ್ಟದ ಮೇಲೆ ಹಳೆಯ ಪಾಮ್ ಪೈಲಟ್ ಏನಾದರೂ ಇದ್ದರೆ ಇವತ್ತೇ ಇಳಿಸಿ ಒಳಗಿನ ಸೆಲ್ಲು ತೆಗೆದಿಡಿ. ಸೋರಿದರೆ ತಗಡು ತಿಂದುಹಾಕುತ್ತದೆ. ಒಳಗೆ ಬರೆದಿಟ್ಟ ನಂಬರುಗಳು ಸಿಕ್ಕಾವೆಂಬ ಆಸೆ ಬೇಡ. ಆ ಯಂತ್ರಗಳಿಗೆ ಕರೆಂಟು ಇರುವತನಕವೇ ನೆನಪು. ಸೆಲ್ಲು ಸತ್ತ ಸ್ವಲ್ಪ ಹೊತ್ತಿಗೆ ಎಲ್ಲ ಅಳಿಸಿಹೋಗುತ್ತಿತ್ತು.