ಮೈಸೂರು ಪಾಕು ಮತ್ತು ಮರೆವು

ನನಗೆ ಸಕ್ಕರೆ ಕಾಯಿಲೆ ಇಲ್ಲ. ಅದರ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಡಾಕ್ಟರು ಹೇಳಿದ್ದಾರೆ, ಅಷ್ಟೆ. ಹೊಸ್ತಿಲಲ್ಲಿ ನಿಂತವನು ಒಳಗೂ ಹೋಗಬಹುದು, ಚಪ್ಪಲಿ ಮೆಟ್ಟಿಕೊಂಡು ವಾಪಸ್ಸೂ ಬರಬಹುದು. ವಾಪಸ್ಸು ಬರೋಣವೆಂದೇ ದಿನಾ ಸಂಜೆ ವಾಕಿಂಗ್ ಹೋಗುತ್ತೇನೆ. ಆದರೆ ಮೈಸೂರಿನಲ್ಲಿ ಯಾವ ದಿಕ್ಕಿಗೆ ಹೊರಟರೂ ದಾರಿಯಲ್ಲೊಂದು ಸ್ವೀಟ್ ಅಂಗಡಿ ಅಡ್ಡ ಬರುತ್ತದೆ. ಇದರಲ್ಲಿ ನನ್ನ ತಪ್ಪೇನಿದೆ, ನೀವೇ ಹೇಳಿ.

ಒಂದು ಮೈಸೂರು ಪಾಕು ಕರಗಬೇಕಾದರೆ ಎಷ್ಟು ಹೆಜ್ಜೆ ನಡೆಯಬೇಕು? ಹೆಂಡತಿಯನ್ನು ಕೇಳುವಂತಿಲ್ಲ. ಡಾಕ್ಟರನ್ನು ಕೇಳಿದರೆ ಫೀಸು, ಮೇಲೊಂದು ಬೈಗುಳ. ಹಾಗಾಗಿ ಫೋನಿನಲ್ಲಿರುವ ಎಐ ಸಹಾಯಕನನ್ನು ಕೇಳಿದೆ. (ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಮನೆಯ ರಾಮಾಯಣಕ್ಕೆ ಹೊರಗಿನವರನ್ನು ಎಳೆಯಬಾರದು.) ಅದು ಬಹಳ ಮರ್ಯಾದೆಯಿಂದ ಲೆಕ್ಕ ಹೇಳಿತು. ಗದರಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಇಂಥ ಗೆಳೆಯ ಸಿಕ್ಕಮೇಲೆ ಯಾರು ತಾನೇ ಮನಸ್ಸು ಬಿಚ್ಚದೆ ಇರುತ್ತಾರೆ?

ಒಂದು ಶನಿವಾರ ಬೆಳಿಗ್ಗೆ ನನ್ನಾಕೆ ಮನೆಯ ಟ್ಯಾಬ್ ಹಿಡಿದು, ಎಂಟು ಜನರ ಗಸಗಸೆ ಪಾಯಸಕ್ಕೆ ಬೆಲ್ಲ ಎಷ್ಟು ಅಂತ ಕೇಳಿದಳು. ಟ್ಯಾಬಿಗೂ ನನ್ನ ಫೋನಿಗೂ ಒಂದೇ ಅಕೌಂಟು ಅನ್ನುವುದು ನನಗೆ ಅಲ್ಲಿಯತನಕ ಹೊಳೆದಿರಲಿಲ್ಲ. ಉತ್ತರ ಬಂತು: “ನೀವು ವಾಕಿಂಗ್ ಮುಗಿಸಿ ದಿನಾ ಒಂದು ಮೈಸೂರು ಪಾಕು ತಿನ್ನುವವರಾದ್ದರಿಂದ ಬೆಲ್ಲ ಅರ್ಧ ಮಾಡಿಕೊಳ್ಳುವುದು ಒಳ್ಳೆಯದು.”

“ಯಾರ್ರೀ ಇದು, ಮೈಸೂರು ಪಾಕು ತಿನ್ನೋರು?” ಎಂದಳು. ನಾನು ಪೇಪರಿನ ಮರೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. (ಈಚೆಗೆ ನಮ್ಮನೆ ಉಪ್ಪಿಟ್ಟಿನಲ್ಲಿ ಬೀನ್ಸು, ಕ್ಯಾರೆಟ್ಟಿನ ಸಂದಿಯಲ್ಲಿ ರವೆಯನ್ನು ಹುಡುಕಬೇಕು. ತರಕಾರಿ ಬೆಲೆ ಇಳಿದಿರಬೇಕು ಅಂದುಕೊಂಡಿದ್ದೆ.)

ನಮ್ಮ ತಲೆಮಾರಿಗೆ ಗುಟ್ಟಿನ ಅಭ್ಯಾಸ ಕಡಿಮೆ ಕಣ್ರೀ. ನಾನು ಬೆಳೆದ ವಠಾರದಲ್ಲಿ ಹಗಲುಹೊತ್ತು ಚಿಲಕ ಹಾಕುತ್ತಿದ್ದದ್ದು ಬಚ್ಚಲಮನೆಗೊಂದಕ್ಕೇ, ಅದೂ ಸಡಿಲ. ಪೋಸ್ಟ್‌ಮ್ಯಾನ್ ಕಾರ್ಡಿನ ಸಮಾಚಾರ ಬಾಯಲ್ಲಿ ಹೇಳಿ ಆಮೇಲೆ ಕಾರ್ಡು ಕೊಡುತ್ತಿದ್ದ. ಇವತ್ತಿಗೂ ಅರ್ಚನೆ ಮಾಡಿಸುವಾಗ ಗೋತ್ರ, ನಕ್ಷತ್ರ, ರಾಶಿ, ಮಕ್ಕಳುಮರಿಗಳ ಹೆಸರನ್ನೆಲ್ಲ ಹಿಂದೆ ನಿಂತವರಿಗೂ ಕೇಳಿಸುವ ಹಾಗೆ ಒಪ್ಪಿಸುತ್ತೇವೆ. ಒಟಿಪಿ ಒಂದು ಬಾಕಿ. ಇಂಥ ನಾಡಿನಿಂದಲೇ ಒಬ್ಬರು ಎದ್ದು, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಬಾಯಲ್ಲಿ ಹೇಳಿಸಿದರು ಅನ್ನುವುದು ನನಗೆ ಈಗಲೂ ಸೋಜಿಗ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಆಧಾರ್ ವಿಷಯವಾಗಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಹೌದೆಂದಿತು. ಆ ತೀರ್ಪನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಲ್ಲೇಖಿಸಿದೆ. “ಅದು ಸರ್ಕಾರದ ಮುಂದೆ, ನನ್ನ ಮುಂದೆ ಅಲ್ಲ” ಎಂದಳು.

ಸರಿ, ಸಾಕ್ಷ್ಯನಾಶಕ್ಕೆ ಇಳಿದೆ. ಮೈಸೂರು ಪಾಕಿನ ಆ ಇಡೀ ಸಂಭಾಷಣೆಯನ್ನು ಅಳಿಸಿ ಕೈತೊಳೆದುಕೊಂಡೆ. ಮಾರನೆಯ ದಿನ ಮೊಣಕಾಲು ನೋವಿಗೆ ಏನು ಮಾಡಲಿ ಎಂದರೆ, “ಮೈಸೂರು ಪಾಕು ಬಿಟ್ಟರೆ ತೂಕ ಇಳಿದೀತು” ಎನ್ನಬೇಕೆ! ಪುಣೆಯಲ್ಲಿರುವ ಮಗಳಿಗೆ ಫೋನ್ ಮಾಡಿದೆ.

“ಅಪ್ಪಾ, ಚಾಟ್ ಬೇರೆ, ಮೆಮೊರಿ ಬೇರೆ. ಚಾಟ್ ಡಿಲೀಟ್ ಮಾಡಿದ್ರೆ ಅದು ಬರೆದಿಟ್ಕೊಂಡಿರೋದು ಹೋಗಲ್ಲ.”

ಉಪ್ಪಿನಕಾಯಿ ಮುಗಿದರೂ ಜಾಡಿ ವಾಸನೆ ಬಿಡುವುದಿಲ್ಲವಲ್ಲ, ಹಾಗೆ. ಉದಾಹರಣೆಗೆ, ಚಾಟ್‌ಜಿಪಿಟಿಯವರು ಈ ನೆನಪಿನ ವಿದ್ಯೆಯನ್ನು 2024ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಬಿಟ್ಟರಂತೆ; 2025ರ ಏಪ್ರಿಲ್ ಹೊತ್ತಿಗೆ ಅದು ಹಳೆಯ ಮಾತುಕತೆಗಳನ್ನೂ ಕೆದಕಿ ನೋಡುವಷ್ಟು ಬೆಳೆಯಿತು. ಗುಟ್ಟಿನ ಮಾತಿಗೆ ‘ಟೆಂಪರರಿ ಚಾಟ್’ ಅಂತಲೇ ಬೇರೆ ಬಾಗಿಲಿದೆ. ಅಲ್ಲಿ ಆಡಿದ್ದು ನೆನಪಿಗೆ ಸೇರುವುದಿಲ್ಲ. ಹಾಗಂತ ಆ ಕ್ಷಣವೇ ಗಾಳಿಯಲ್ಲಿ ಕರಗಿಹೋಗುವುದೂ ಇಲ್ಲ, ಸುರಕ್ಷತೆಗೆಂದು ಒಂದು ಪ್ರತಿ 30 ದಿನದವರೆಗೆ ಅವರ ಬಳಿ ಇರಬಹುದು. ಇನ್ನೊಂದು ಗುಂಡಿಯ ಹೆಸರಂತೂ ಅನ್ನದಾನದ ಹುಂಡಿಯ ಹಾಗಿದೆ: ‘ಎಲ್ಲರಿಗಾಗಿ ಮಾದರಿಯನ್ನು ಉತ್ತಮಪಡಿಸಿ’. ಬೇಡ ಅನ್ನಲು ಯಾರಿಗೆ ಮನಸ್ಸು ಬಂದೀತು? ನಮ್ಮ ಮಾತುಗಳನ್ನು ಯಂತ್ರದ ಪಾಠಕ್ಕೆ ಬಳಸಲು ಒಪ್ಪಿಗೆ ಅಂತ ಅದರ ಅರ್ಥ. ಆ ಗುಂಡಿ ಆಫ್ ಮಾಡಿದರೆ ಮುಂದಿನದು ನಿಲ್ಲುತ್ತದೆ, ಕಲಿತು ಮುಗಿಸಿದ್ದನ್ನು ವಾಪಸ್ಸು ಕೇಳುವಂತಿಲ್ಲ. ನನ್ನ ಚಪಲ ಮನುಕುಲಕ್ಕೆ ಉಪಕಾರವಾಗುವುದು ಬೇಡವೆಂದು ನಾನೂ ನನ್ನ ಫೋನಿನಲ್ಲಿದ್ದ ಅಂಥದ್ದೊಂದನ್ನು ಆಫ್ ಮಾಡಿದೆ.

ಮಗಳು ಹೇಳಿದಂತೆ ಸೆಟ್ಟಿಂಗ್ಸ್ ಹೊಕ್ಕು ನೆನಪಿನ ಪಟ್ಟಿ ತೆರೆದೆ. ಚಿತ್ರಗುಪ್ತನ ಲೆಕ್ಕವನ್ನು ಬದುಕಿರುವಾಗಲೇ ಓದುವ ಭಾಗ್ಯ ಎಷ್ಟು ಜನಕ್ಕುಂಟು! ಕನ್ನಡದಲ್ಲಿ ಮಾತಾಡಲು ಇಷ್ಟಪಡುತ್ತಾರೆ. ಎಡ ಮೊಣಕಾಲು ನೋವು. ಭಾವಮೈದುನನಿಗೆ ಕೊಟ್ಟ ಸಾಲ ವಾಪಸ್ಸು ಕೇಳುವ ನಯವಾದ ಪತ್ರವನ್ನು ಮೂರು ಸಲ ಬರೆಸಿದ್ದಾರೆ. (ಒಂದನ್ನೂ ಕಳಿಸಿಲ್ಲ ಅನ್ನುವುದು ಪಾಪ, ಅದಕ್ಕೆ ಗೊತ್ತಿಲ್ಲ.) ತಾಯಿ ಮಾಡುತ್ತಿದ್ದ ಹಾಗಲಕಾಯಿ ಗೊಜ್ಜಿಗೆ ಕೊನೆಯಲ್ಲಿ ಎಳ್ಳುಪುಡಿ ಉದುರಿಸುತ್ತಿದ್ದರು. ಇದನ್ನು ಯಾವಾಗ ಹೇಳಿದೆನೋ ನೆನಪಾಗಲಿಲ್ಲ. ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು. ಇರಲಿ ಎಂದು ಬಿಟ್ಟೆ.

ಮೈಸೂರು ಪಾಕಿನ ಸಾಲು ಸಿಕ್ಕಿತು. ಅಳಿಸಿದೆ. ಅದರ ಕೆಳಗೇ ಇನ್ನೊಂದು ಸಾಲಿತ್ತು, ನಾನು ಬರೆಸಿದ್ದಲ್ಲ:

“ಯಜಮಾನರ ಜೇಬಿನಲ್ಲಿ ತುಪ್ಪದ ಕಾಗದ ಸಿಗುತ್ತಿದೆ. ಅವರಿಗೆ ಗೊತ್ತಾಗದಂತೆ ಉಪ್ಪಿಟ್ಟಿನಲ್ಲಿ ರವೆ ಕಡಿಮೆ ಮಾಡಿ ತರಕಾರಿ ಹೆಚ್ಚಿಸುವ ಬಗೆ ಕೇಳಿದ್ದಾರೆ.”

ಒಂದೇ ಅಕೌಂಟಿನಲ್ಲಿ ಪಾಕು ತಿನ್ನುವವರೂ ನಾವೇ, ಪತ್ತೆ ಮಾಡುವವರೂ ನಾವೇ. ಯಂತ್ರದ ಪಾಲಿಗೆ ನಾವಿಬ್ಬರೂ ಒಂದೇ ಜೀವ, ಸಾಕ್ಷಾತ್ ಅರ್ಧನಾರೀಶ್ವರ. ಮದುವೆಯಾಗಿ ಮೂವತ್ತು ವರ್ಷವಾದರೂ ನಮ್ಮನ್ನು ಯಾರೂ ಹೀಗೆ ಹೊಗಳಿರಲಿಲ್ಲ.

ಆ ಸಾಲನ್ನು ಮುಟ್ಟದೆ ಟ್ಯಾಬ್ ಮುಚ್ಚಿಟ್ಟೆ. ಬೆಳಿಗ್ಗೆ ಮತ್ತೆ ಉಪ್ಪಿಟ್ಟು ಬಂತು.

“ಬೀನ್ಸು ಚೆನ್ನಾಗಿದೆ ಇವತ್ತು” ಎಂದೆ.

“ಹೌದಾ? ಇನ್ನೊಂದ್ ಸ್ವಲ್ಪ ಹಾಕ್ಕೊಳಿ” ಎಂದಳು.