ಸ್ಟೇರಿಂಗ್ ಆಯಿಲ್ ಎಲ್ಲಿಗೆ ಹೋಯ್ತು?

ಗೌಡ್ರೇ, ಅಂಗಳದಲ್ಲಿ ಬೊಲೆರೊ ತಿರುಗಿಸುವಾಗ ‘ಗುಂಯ್’ ಅಂತ ಸದ್ದು ಬರ್ತದಲ್ಲ, ಅದು ಸ್ಟೇರಿಂಗ್ ಪಂಪಿನದು. ಆಯಿಲ್ ಇಳಿದು ಪಂಪು ಗಾಳಿ ಎಳೆಯುವಾಗ ಹೀಗೇ ಕೇಳೋದು. ಗಾಡಿ ಆಫ್ ಆಗಿಯೇ ಇರಲಿ, ಒಮ್ಮೆ ಬಾನೆಟ್ ಎತ್ತಿ. ಸ್ಟೇರಿಂಗ್ ಆಯಿಲಿನ ಆ ಸಣ್ಣ ಡಬ್ಬಿ ಕಂಡ್ತಾ? ತೆರೆಯುವ ಮೊದಲು ಮುಚ್ಚಳದ ಸುತ್ತ ಬಟ್ಟೆಯಲ್ಲಿ ಒರೆಸಿಬಿಡಿ. ನಮ್ಮ ಕೆಮ್ಮಣ್ಣಿನ ಧೂಳು ಒಳಗೆ ಬಿದ್ರೆ ಪಂಪೂ ಉಳಿಯೋದಿಲ್ಲ, ಸೀಲೂ ಉಳಿಯೋದಿಲ್ಲ.

ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿದೆ ನೋಡಿ. ಕೆಲವು ಗಾಡಿಗಳಲ್ಲಿ ತಣ್ಣಗಿದ್ದಾಗಿನ ಗೆರೆಯೇ ಬೇರೆ, ಬಿಸಿಯಾದಾಗಿನ ಗೆರೆಯೇ ಬೇರೆ. ಘಾಟಿ ಹತ್ತಿ ಬಂದ ಕೂಡಲೇ ನೋಡಿದ್ರೆ ಆಯಿಲ್ ಹಿಗ್ಗಿ ಮೇಲೆ ನಿಂತಿರ್ತದೆ, ಅದನ್ನು ನಂಬಬಾರದು. ಬಣ್ಣವನ್ನೂ ನೋಡಿ. ಕೆಂಪು ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬಂದ್ರೆ ಅದರ ಆಯುಷ್ಯ ಮುಗೀತು ಅಂತ.

ಅಂಗಡಿಯಿಂದ ಒಂದು ಡಬ್ಬಿ ತಂದು ಸುರಿದ್ರೆ ಆಯ್ತು ಅಂತೀರಾ? ಇಲ್ಲ ಮಾರಾಯ್ರೆ, ಇದು ಡೀಸೆಲ್ಲಿನ ಹಾಗೆ ಉರಿದು ಖರ್ಚಾಗೋದಲ್ಲ. ಪಂಪಿನಿಂದ ಚಕ್ರ ತಿರುಗಿಸುವ ರ್‍ಯಾಕಿಗೆ, ರ್‍ಯಾಕಿನಿಂದ ಡಬ್ಬಿಗೆ, ಸುತ್ತು ಹಾಕ್ತಾ ಇರುವ ಆಯಿಲ್ ಇದು. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರ್ತಿದೆ. ಹೋಸ್ ಪೈಪಿನ ಜಾಯಿಂಟು, ಪಂಪಿನ ಸೀಲು, ರ್‍ಯಾಕಿನ ತುದಿಯ ರಬ್ಬರು ಗವಸು, ಈ ಮೂರು ಕಡೆ ಕೈಯಾಡಿಸಿ. ಗವಸು ಒಳಗಿಂದ ಒದ್ದೆಯಾಗಿದ್ರೆ ರ್‍ಯಾಕಿನ ಸೀಲೇ ಹೋಗಿದೆ. ಸೋರುವ ಜಾಗ ಹುಡುಕದೆ ಸುರಿಯುವ ಆಯಿಲ್ ನೆಲಕ್ಕೇ. ಮತ್ತೆ, ಕೈಗೆ ಸಿಕ್ಕಿತು ಅಂತ ಬ್ರೇಕ್ ಆಯಿಲ್ ಮಾತ್ರ ಹಾಕಬೇಡಿ, ಇಲ್ಲಿನ ಸೀಲುಗಳನ್ನು ಅದು ಉಬ್ಬಿಸಿ ಹಾಳುಮಾಡ್ತದೆ. ಯಾವುದು ಹಾಕಬೇಕು ಅಂತ ಗಾಡಿಯ ಪುಸ್ತಕದಲ್ಲೇ ಬರೆದಿರ್ತದೆ. ನಿಮ್ಮ ಮಗಳ ಹೊಸ ಸ್ವಿಫ್ಟಿನಲ್ಲಿ ಈ ಡಬ್ಬಿಯೇ ಇಲ್ಲ. ಅಲ್ಲಿ ಕರೆಂಟಿನ ಮೋಟಾರೇ ಸ್ಟೇರಿಂಗಿಗೆ ಬಲ ಕೊಡೋದು.

ಇಂಥ ಬಲ ಇಲ್ಲದ ಕಾಲದಲ್ಲಿ ನಿಮ್ಮಪ್ಪ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬರೀ ತೋಳ್ಬಲದಲ್ಲೇ ಲಾರಿ ಇಳಿಸಿದವರು. ಅಂಥ ಕಷ್ಟ ನೋಡಿಯೇ ಅಮೆರಿಕದಲ್ಲಿ ಪಿಯರ್ಸ್ ಆರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲಿ ಈ ಪವರ್ ಸ್ಟೇರಿಂಗ್ ಕಟ್ಟಿದ್ದು. ಮಾರಾಟದ ಕಾರಿಗೆ ಬರಬೇಕಾದ್ರೆ 1951 ಆಯ್ತು, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಪಂಪು ಕೈಕೊಟ್ರೆ ಗಾಡಿ ತಿರುಗೋದೇನೂ ನಿಲ್ಲೋದಿಲ್ಲ. ಆದ್ರೆ ಸ್ಟೇರಿಂಗ್ ಕಲ್ಲಿನಷ್ಟು ಭಾರ. ಘಾಟಿಯ ಮಧ್ಯೆ, ಮಳೆಯಲ್ಲಿ, ಎದುರಿಗೆ ಬಸ್ಸು ಬಂದಾಗ ಹಾಗಾಗೋದು ಬೇಡ ಅಂತಲೇ ನಾನು ಇಷ್ಟು ಹೇಳಿದ್ದು.

ಇನ್ನೊಂದು, ತಿರುಗಿಸುವಾಗ ಸ್ಟೇರಿಂಗನ್ನು ಕೊನೆಯವರೆಗೆ ಎಳೆದು ಅಲ್ಲೇ ಒತ್ತಿ ಹಿಡೀಬೇಡಿ, ಆಯಿಲ್ ಕಾದು ಹೋಗ್ತದೆ. ಗ್ಯಾರೇಜಿನಲ್ಲಿ ಲೀಕ್ ಸರಿಮಾಡಿ ಆಯಿಲ್ ತುಂಬಿಸಿದ ಮೇಲೆ ಗಾಳಿ ತೆಗೆಸೋದು ಮರೀಬೇಡಿ. ಮುಂದಿನ ಚಕ್ರ ಎರಡನ್ನೂ ಎತ್ತಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸ್ತಾ ಇರಬೇಕು, ಡಬ್ಬಿಯಲ್ಲಿ ನೊರೆ ನಿಲ್ಲುವವರೆಗೆ.