ಎರಡು ಸ್ಪೇಸೋ, ನಾಲ್ಕು ಸ್ಪೇಸೋ

ಅಲ್ಲ ಕಣಕ್ಕ, ನಿಮ್ಮ ಹುಡುಗ ರಾತ್ರಿ ಫೋನಲ್ಲಿ ಆಡ್ತಿದ್ದ ಜಗಳ ಹ್ಯಾಂಡ್‌ಪೋಸ್ಟ್ ಸರ್ಕಲ್‌ವರೆಗೂ ಕೇಳಿರಬೇಕು. ಜಮೀನಿನ ವ್ಯಾಜ್ಯವೇನೋ ಅಂದ್ಕೊಂಡೆ. ಬೇಲಿ ಹತ್ರ ಬಂದು ಕಿವಿಗೊಟ್ರೆ, ಸಾಲಿನ ಮುಂದೆ ಎರಡು ಸ್ಪೇಸ್ ಬಿಡಬೇಕೋ ನಾಲ್ಕು ಬಿಡಬೇಕೋ ಅಂತ! ನಾವು ಬದುವಿಗೆ ಕಿತ್ತಾಡಿದ್ರೆ ಒಂದಡಿ ಮಣ್ಣಾದ್ರೂ ಸಿಗುತ್ತೆ. ಇವರದ್ದು ಬರೀ ಖಾಲಿ ಜಾಗಕ್ಕೆ.

ನಗಬೇಡಿ, ಆ ಖಾಲಿ ಜಾಗಕ್ಕೂ ಬೆಲೆ ಇದೆ. ಯಾವ ಪೋರ್ಟ್, ಯಾವ ಡೇಟಾಬೇಸ್, ಎಷ್ಟು ಮೆಮೊರಿ ಅಂತ ಸರ್ವರ್‌ಗೆ ಹೇಳೋ ಕಾನ್ಫಿಗರೇಷನ್ ಫೈಲುಗಳಲ್ಲಿ ಯಾಮಲ್ ಅಂತ ಒಂದು ಜಾತಿ. ಅಲ್ಲಿ ಯಾವುದರೊಳಗೆ ಯಾವುದು ಅನ್ನೋದನ್ನ ಮುಂದೆ ಬಿಟ್ಟ ಜಾಗವೇ ತೀರ್ಮಾನ ಮಾಡುತ್ತೆ. ಸಾಲು ಸರಿಸೋಕೆ ಟ್ಯಾಬ್ ಒತ್ತಿದ್ರೋ, ಫೈಲನ್ನೇ ಓದಲ್ಲ ಅಂತ ಹಟ ಹಿಡಿಯುತ್ತೆ. ಗೂಗಲ್‌ನವರ ಗೋ ಭಾಷೇಲಿ ತದ್ವಿರುದ್ಧ, ಅಲ್ಲಿ ಟ್ಯಾಬೇ ಕಾನೂನು. 2009ರಲ್ಲಿ ಆ ಭಾಷೆ ಹೊರಬಂದಾಗ ಗೋ-ಎಫ್‌ಎಂಟಿ ಅನ್ನೋ ಪುಟ್ಟ ಫಾರ್ಮ್ಯಾಟರ್ ಟೂಲೂ ಜೊತೇಲೇ ಬಂತು. ಕಮಾಂಡ್ ಲೈನಲ್ಲಿ ಹೆಸರು ಹೊಡೆದ್ರೆ ಕೋಡೆಲ್ಲ ಒಂದೇ ಅಚ್ಚು. ನಿಮಗೆ ಹೇಗೆ ಬೇಕು ಅಂತ ಅದು ಕೇಳೋದೇ ಇಲ್ಲ. ಅದೇ ಅದರ ದೊಡ್ಡ ಗುಣ ಅಂತೀನಿ. ಸರ್ವೇಯರ್ ಬಂದು ಕಲ್ಲು ನೆಟ್ಟ ಮೇಲೆ ಇಬ್ಬರಿಗೂ ಅಷ್ಟಿಷ್ಟು ಅಸಮಾಧಾನ ಇರುತ್ತೆ, ಆದ್ರೂ ಮಾರನೇ ದಿನ ಉಳೋಕೆ ಹೋಗ್ತಾರೆ, ಹಂಗೆ.

ಅದನ್ನ ನೋಡಿ ಬೇರೆಯವರೂ ಶುರು ಹಚ್ಕೊಂಡ್ರು. ಟೆರಾಫಾರ್ಮ್ ಫೈಲುಗಳಿಗೆ ಅದರದ್ದೇ ಎಫ್‌ಎಂಟಿ, ಟಾಮಲ್ ಅನ್ನೋ ಜಾತಿಗೆ ಟ್ಯಾಪ್ಲೋ, ಯಾಮಲ್ಲಿಗೂ ಜೇಸನ್ ಅನ್ನೋ ಇನ್ನೊಂದು ಜಾತಿಗೂ ಪ್ರಿಟಿಯರ್.

ಅಂದ ಚೆಂದಕ್ಕಲ್ಲ ಇದೆಲ್ಲ. ಒಬ್ಬ ಬದಲಿಸಿದ್ದು ಒಂದು ಪೋರ್ಟ್ ನಂಬರ್ ಮಾತ್ರ, ಅವನ ಎಡಿಟರ್ ಕೇಳದೆ ಇನ್ನೂರು ಸಾಲು ಸರಿಸಿರುತ್ತೆ ಅಂತಿಟ್ಕೊಳ್ಳಿ. ಬದಲಾವಣೆಗಳ ಲೆಕ್ಕ ಇಡೋ ಗಿಟ್‌ನಲ್ಲಿ ಇನ್ನೂರೂ ಕೆಂಪು ಹಸಿರು. ಪರಿಶೀಲಿಸೋನು ಅಷ್ಟರೊಳಗೆ ಆ ಒಂದು ಅಂಕಿ ಹುಡುಕಬೇಕು. ಸುಸ್ತಾಗಿ ಸರಿ ಅಂತ ಒತ್ತಿಬಿಡ್ತಾನೆ, ಅನಾಹುತ ಒಳಗೆ ನುಗ್ಗೋದು ಹಂಗೇ.

ಹಾಗಂತ ಟೂಲನ್ನ ತೀರಾ ನಂಬಬೇಡಿ. ಅದು ಆಕಾರ ನೋಡುತ್ತೆ, ಅರ್ಥ ನೋಡಲ್ಲ. ದೆಹಲಿಯ ಎಸ್‌ಟಿಡಿ ಕೋಡ್ 011 ಅಂತ ಕೋಟ್ ಹಾಕದೆ ಬರೆದ್ರೆ, ಹಳೇ ಯಾಮಲ್ ನಿಯಮದಲ್ಲಿ ಮುಂದಿನ ಸೊನ್ನೆ ನೋಡಿ ಎಂಟರ ಲೆಕ್ಕದ ಅಷ್ಟಮಾನ ಸಂಖ್ಯೆ ಅಂದ್ಕೊಂಡು ಸರ್ವರ್ ಅದನ್ನ 9 ಅಂತ ಓದುತ್ತೆ. ಮೈಸೂರಿನ 0821, ನಮ್ಮ ಎಚ್.ಡಿ. ಕೋಟೆಯ 08228 ಬಚಾವು, ಯಾಕಂದ್ರೆ ಅಷ್ಟಮಾನದಲ್ಲಿ 8 ಅನ್ನೋ ಅಂಕಿಯೇ ಇಲ್ಲ! ಇನ್ನು ಹ್ಯಾಂಡ್‌ಪೋಸ್ಟ್ ಅಂತ ಬರೆಯೋದನ್ನೇ ನೋಡಿ. ‘ಪೋ’ ಹೋಗಿ ‘ಡ್’ ಕೆಳಗೆ ಒತ್ತಾಗಿ ಜೋತುಬೀಳದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ಕೂತಿದೆ, ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ. ಒಬ್ಬ ಅದನ್ನ ಹಾಕಿ, ಇನ್ನೊಬ್ಬ ಬಿಟ್ಟು ಟೈಪ್ ಮಾಡಿದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಅವು ಎರಡು ಬೇರೆ ಊರು. ಫಾರ್ಮ್ಯಾಟರ್ ಎರಡನ್ನೂ ಒಂದರ ಕೆಳಗೊಂದು ನೀಟಾಗಿ ಜೋಡಿಸಿ ಸುಮ್ಮನಾಗುತ್ತೆ.

ನಿಮ್ಮ ಹುಡುಗ ಎದ್ದ ಮೇಲೆ ಇಷ್ಟು ಹೇಳಿ. ಮೊದಲು ಪ್ರಿಟಿಯರನ್ನ ಚೆಕ್ ಅಂತ ಸೇರಿಸಿ ಓಡಿಸಲಿ, ಆಗ ಫೈಲನ್ನ ಮುಟ್ಟದೆ ಕೆಟ್ಟಿರೋದರ ಹೆಸರು ಮಾತ್ರ ಹೇಳುತ್ತೆ. ಆಮೇಲೆ ಎಲ್ಲಾ ಫೈಲಿಗೂ ಒಂದೇ ಸಲ ಅಚ್ಚು ಹಾಕಿ, ಅದನ್ನೇ ಗಿಟ್‌ನಲ್ಲಿ ಬೇರೆ ಕಮಿಟ್ ಅಂತ ದಾಖಲಿಸಲಿ, ಪೋರ್ಟು ಪಾಸ್‌ವರ್ಡು ಏನನ್ನೂ ಅದರಲ್ಲಿ ಬೆರೆಸೋದು ಬೇಡ. 2019ರಿಂದ ಈಚೆಗಿನ ಗಿಟ್‌ಗೆ ಅಂಥ ಕಮಿಟ್‌ನ ನಂಬರ್ ಕೊಟ್ಟಿಟ್ರೆ, ಯಾವ ಸಾಲು ಯಾರು ಬರೆದಿದ್ದು ಅಂತ ಕೇಳಿದಾಗ ಅದನ್ನ ದಾಟಿ ಹಿಂದಿನವರ ಹೆಸರು ತೋರಿಸುತ್ತೆ.